ಹೆಸರು ಉಳಿಯಿತು, ನವಿಲು ಹೋಯಿತು

ನವಿಲು ಇರಲಿಲ್ಲ!

ಹಬ್ಬದ ರಜೆ ಮುಗಿಸಿ ಬಂದ ಶಾಂಭವಿ ಮತ್ತೆ ತೆರೆದು ನೋಡಿದಳು. ‘ಶ್ರೀ’ ಎಂಬ ಅವಳ ಸೆಷನ್ನಿನ ಹೆಸರು ಪರದೆಯ ಮೇಲೆ ಹಾಗೇ ಇತ್ತು. ಒಳಗೆ ಮಾತ್ರ ಬರೀ ಬಿಳಿಯ ಚೌಕ ಬಟ್ಟೆಯ ಚಿತ್ರ. ಸೀರೆಯ ಸೆರಗಿಗೆಂದು ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬಿಡಿಸಿದ ನವಿಲಿನ ಒಂದು ಗರಿಯೂ ಇಲ್ಲ.

ಅದು 2003ರ ಮಾತು. ಟಿನ್ ಫ್ಯಾಕ್ಟರಿ ಬಳಿಯ ಆ ಕಸೂತಿ ವಿನ್ಯಾಸದ ಆಫೀಸಿನಲ್ಲಿ ಎಲ್ಲರ ಕೆಲಸವೂ ಒಂದೇ ಸರ್ವರಿನಲ್ಲಿ ಉಳಿಯುತ್ತಿತ್ತು. ಮುಗಿಯದ ಕೆಲಸಕ್ಕೆ ಹೆಸರಿಟ್ಟು ಸೇವ್ ಮಾಡಿದರೆ ಅದೇ ಸೆಷನ್ನು. ಮಾರನೆಯ ದಿನ ಬಿಟ್ಟಲ್ಲಿಂದ ಹಿಡಿಯಬಹುದು. ವಿನ್ಯಾಸ ಬಿಡಿಸುವ ಆ ಸಾಫ್ಟ್‌ವೇರ್ ಬರೆದವನು ಮಾಲೀಕ ಆನಂದನೇ. ಅದರ ಮೇಲೆ ಅವನಿಗೆ ಹೆತ್ತ ಮಗುವಿನ ಮೋಹ.

“ಬೇರೆ ಕಂಪನಿಗೆ ಹೋಗ್ಬೇಕು ಅಂತ ಅಳಿಸ್ಬಿಟ್ಟೆ, ಅಲ್ವಾ?” ಆನಂದ್ ಗುಡುಗಿದ. “ಇವತ್ತೇ ಗಂಟುಮೂಟೆ ಕಟ್ಟು. ಈ ಕಡೆ ಯಾವ ಆಫೀಸಲ್ಲೂ ಕೆಲಸ ಸಿಗದ ಹಾಗೆ ಮಾಡ್ತೀನಿ.”

ಶಾಂಭವಿಗೆ ಮೈಯೆಲ್ಲ ಉರಿಯಿತು. “ನಾ ಅಳಿಸಿಲ್ರಿ! ಮಾಡದ ತಪ್ಪಿಗಿ ತಲಿ ಬಗ್ಗಸಂಗಿಲ್ಲ. ಹೋಗಂಗೂ ಇಲ್ಲ.” ಕುರ್ಚಿಯಲ್ಲಿ ಗಟ್ಟಿಯಾಗಿ ಕೂತೇಬಿಟ್ಟಳು.

ಶಿವಾಜಿನಗರದ ಉಮ್ಮೆ ಕುಲ್ಸುಂ ಎದ್ದು ಬಂದಳು. ಸಾಫ್ಟ್‌ವೇರಿನ ಹುಳುಕು ಹುಡುಕುವುದೇ ಅವಳ ಕೆಲಸ. ಹುಡುಕಿದರೆ ಆನಂದನಿಗೆ ಸಿಟ್ಟು.

“ಇವಳ ಜಾಗದಲ್ಲಿ ಬೇರೆ ಯಾರು ಕೂತಿದ್ರು?”

“ನಾನು,” ಪಕ್ಕದ ಭೀಮಾಶಂಕರ ಬೆವರಿದ. “ಆಯುಧಪೂಜೆ ದಿನ ಹಾರ ಹಾಕ್ಲಾಕ ಬಂದಿದ್ದೆ. ಕೀಬೋರ್ಡ್ ಮುಟ್ಟಿಲ್ಲ, ನಮ್ಮವ್ವನ ಆಣಿ!”

ಕುಲ್ಸುಂ ಪರದೆಯನ್ನೇ ದಿಟ್ಟಿಸಿದಳು.

“ಸೆಷನ್ ಅಳಿಸಿದ್ರೆ ಹೆಸರೂ ಹೋಗ್ಬೇಕು. ನವಿಲನ್ನಷ್ಟೇ ಒರೆಸಿದ್ರೆ ಸೆರಗಿನ ಉದ್ದನೇ ಬಟ್ಟೆ ಉಳೀಬೇಕು. ಇದು ಹೊಸ ಸೆಷನ್ ತೆರೆದಾಗ ಬರೋ ಚೌಕ ಬಟ್ಟೆ. ಯಾರೋ ಖಾಲಿ ಸೆಷನ್ನಿಗೆ ‘ಶ್ರೀ’ ಅಂತ ಹೆಸರಿಟ್ಟು ಸೇವ್ ಮಾಡಿದ್ದಾರೆ.”

“ಖಾಲಿದನ್ನ ಯಾರಾದ್ರೂ ಸೇವ್ ಮಾಡ್ತಾರಾ?” ಆನಂದ್ ನಕ್ಕ.

“ಕೆಲಸದ ದಿನ ಮಾಡಲ್ಲ. ಪೂಜೆ ದಿನ?”

ಶಾಂಭವಿಗೆ ತಟ್ಟನೆ ನೆನಪಾಯಿತು. ಬೂದುಗುಂಬಳ ಒಡೆದ ಮೇಲೆ ಆನಂದ್ ತನ್ನ ಕಂಪ್ಯೂಟರಿಗೆ ಕುಂಕುಮವಿಟ್ಟು, ಹೊಸ ಸೆಷನ್ ತೆರೆದು, ಅದರ ಹೆಸರನ್ನು ‘ಶ್ರೀ’ ಎಂದು ಬದಲಿಸಿ, ಸೇವ್ ಮಾಡಿ ಕೈಯನ್ನು ಕಣ್ಣಿಗೊತ್ತಿಕೊಂಡಿದ್ದ. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಹೊಸ ಕೆಲಸಕ್ಕೆ ಮೊದಲು ಶ್ರೀಕಾರ ಹಾಕುವುದು ಯಾರ ಮನೆಯಲ್ಲಿಲ್ಲ? ಅವಳೂ ನವಿಲಿಗೆ ಹಾಗೆಯೇ ಹಾಕಿದ್ದಳು.

“ಆ ಹೆಸರು ಆಗ್ಲೇ ಇದ್ರೆ ನನ್ನ ಸಾಫ್ಟ್‌ವೇರ್ ತಡೆಯುತ್ತೆ!” ಆನಂದ್ ಕಿರುಚಿದ.

“ಹೌದಾ? ನೋಡೇಬಿಡೋಣ.” ಕುಲ್ಸುಂ ಖಾಲಿ ಸೆಷನ್ ತೆರೆದಳು. ಅದರ ಹೆಸರು ಬದಲಿಸಿ, ಆನಂದ್ ತಿಂಗಳುಗಟ್ಟಲೆ ಕೂತು ಮಾಡುತ್ತಿದ್ದ ವಿನ್ಯಾಸದ ಹೆಸರನ್ನೇ ಇಟ್ಟಳು. ಬೆರಳು ಸೇವ್ ಗುಂಡಿಯ ಮೇಲೆ—

“ಬೇಡ! ಒತ್ಬೇಡ!”

ಆನಂದ್ ಓಡಿ ಬಂದು ಕೈ ಅಡ್ಡ ಹಿಡಿದ.

“ತಡೆಯುತ್ತೆ ಅಂದ್ರಲ್ಲ ಸಾರ್? ಹೆಸರು ಬದಲಿಸಿ ಸೇವ್ ಮಾಡಿದ್ರೆ ಇದು ಕೇಳೋದೇ ಇಲ್ಲ, ಹಳೇದನ್ನ ನುಂಗ್ಬಿಡುತ್ತೆ. ಯುಗಾದಿಗೇ ಹೇಳಿದ್ದೆ. ನಿಮಗೂ ಗೊತ್ತಿತ್ತು.”

ಆನಂದನ ಮುಖ ಇಂಗು ತಿಂದ ಮಂಗನ ಹಾಗಾಯಿತು. “ಆಗಿದ್ದಾಯ್ತು ಬಿಡಮ್ಮ ಶಾಂಭವಿ. ಮತ್ತೆ ಬಿಡಿಸು.”

“ಬಿಡಸ್ತೀನ್ರಿ. ನವಿಲು ನನ್ನ ಕೈಯಾಗ ಅದ, ಎಲ್ಲಿಗಿ ಹೋಗ್ತದ? ಆದ್ರ ನಾ ಅಳಿಸೀನಿ ಅಂತ ಎಲ್ಲಾರ ಮುಂದ ಅಂದ್ರಿ. ಈಗ ಎಲ್ಲಾರ ಮುಂದೇ ಹೇಳ್ರಿ, ಅಳಿಸಿದ್ದು ಯಾರು?”

ಆನಂದ್ ಸುತ್ತ ನೋಡಿದ. ಯಾರೂ ಕಣ್ಣು ತಪ್ಪಿಸಲಿಲ್ಲ.

“ನಾನೇ,” ಎಂದ.

“ಕೇಳಿಸಲಿಲ್ರಿ,” ಎಂದಳು ಶಾಂಭವಿ.