ಖತರನಾಕ ಅಂದ ಹುಡುಗ

"ಯಾರಿಗಂದಿ ಆ ಮಾತು?"

ಅಮೀನಗಡದ ಬಸ್‌ಸ್ಟ್ಯಾಂಡಿನಲ್ಲಿ ಹಣಮಪ್ಪನ ಕೊರಳಪಟ್ಟಿ ರೇಣವ್ವನ ಮುಷ್ಟಿಯಲ್ಲಿತ್ತು.

1984ರ ಬೇಸಿಗೆ. ರೇಣವ್ವ ಹುನಗುಂದದ ಕಾಲೇಜಿಗೆ ಹೋಗುವವಳು, ಕುರಿ ಸಾಕುವ ಹುಲ್ಲಪ್ಪನ ಮಗಳು. ಬುಟ್ಟಿ ಹೊತ್ತ ಮುದುಕಿಯನ್ನು ಕಂಡಕ್ಟರ್ ಕೆಳಗಿಳಿಸಿದಾಗ ಅವನೊಂದಿಗೆ ಜಗಳಾಡಿ, ಆಕೆಯನ್ನು ಮತ್ತೆ ಬಸ್ಸು ಹತ್ತಿಸಿದ್ದಳು. ಅದನ್ನು ನೋಡಿದ ಹಣಮಪ್ಪ ಗೆಳೆಯನಿಗೆ, "ಈಕಿ ಖತರನಾಕ ಅದಾಳಲೇ" ಎಂದಿದ್ದ.

"ನಾ ಹೊಗಳಿದ್ನಿ..." ಆತ ತೊದಲಿದ. "ನಮ್ಮ ಹುಡುಗರೊಳಗ ಭಾಳ ಚಲೋ ಇದ್ರ ಹಂಗ ಅಂತೇವಿ."

"ನಮ್ಮಪ್ಪ ಕುರಿ ಹಿಡಿಯೋ ತೋಳಕ್ಕ ಹಂಗ ಅಂತಾನ."

ಸುತ್ತಲಿನವರು ನಕ್ಕರು. ಆತ ನಗಲಿಲ್ಲ. ಅವನ ಕಣ್ಣಲ್ಲಿ ಚೇಷ್ಟೆ ಇರಲಿಲ್ಲವಲ್ಲ... ಮನೆ ಮುಟ್ಟಿದರೂ ರೇಣವ್ವನಿಗೆ ಅದೇ ಯೋಚನೆ.

ಆ ಮಾತು ಊರೂರು ತಿರುಗಿತು. ಚೊಳಚಗುಡ್ಡದಿಂದ ಹೆಣ್ಣು ನೋಡಲು ಬಂದ ಹಿರಿಯ ಅಮಾತೆಪ್ಪ ಚಹಾ ಕುಡಿಯುವ ಮೊದಲೇ ಕೇಳಿದ.

"ನಿಮ್ಮ ಮಗಳಿಗೆ ಹುಡುಗರು ಖತರನಾಕ ಅಂತಾರಂತ. ನಡತಿ ಹೆಂಗ? ಮೊದಲ ಕಾಲೇಜು ಬಿಡಸ್ರಿ, ಆಮ್ಯಾಲ ಮಾತು."

ಹುಲ್ಲಪ್ಪ ತಲೆ ತಗ್ಗಿಸಿದ. ಅದನ್ನು ಕಂಡು ರೇಣವ್ವನ ಎದೆ ಉರಿಯಿತು. ಅವತ್ತು ಆ ಮಾತಿನೊಳಗೆ ಇಲ್ಲದ ಹೊಲಸು ಇವತ್ತು ಎಲ್ಲಿಂದ ಬಂತು?

ಅಷ್ಟರಲ್ಲಿ ಹೊಸ್ತಿಲಲ್ಲಿ ಹಣಮಪ್ಪ! ಗಂಡಿನ ಕಡೆಯವರು ಬಸ್‌ಸ್ಟ್ಯಾಂಡಿನಲ್ಲಿ ಆಕೆಯ ಬಗ್ಗೆ ವಿಚಾರಿಸಿದ್ದನ್ನು ಕೇಳಿ ಹಿಂದೆಯೇ ಬಂದಿದ್ದ.

"ಅಂದಾಂವ ನಾನರಿ. ಯಾರಿಗೂ ಹೆದರದಾಕಿ ಅಂತ ಅಂದೆ. ಈಕಿದೇನೂ ತಪ್ಪಿಲ್ಲ, ಮಾಫ್ ಮಾಡ್ರಿ..."

"ನೀ ಸುಮ್ನಿರು," ಎಂದಳು ರೇಣವ್ವ. "ನನ್ನ ಸಲುವಾಗಿ ಯಾರ ಕಾಲೂ ಬೀಳಬ್ಯಾಡ."

ಆಮೇಲೆ ಅಮಾತೆಪ್ಪನ ಮುಖವನ್ನೇ ನೋಡಿದಳು.

"ನನ್ನ ನಡತಿ ಕೇಳೂದಿದ್ರ ನನ್ನ ಕೇಳ್ರಿ. ಹೆದರೂದಿಲ್ಲ ಅನ್ನೋದು ಖರೆ. ಕಾಲೇಜಂತೂ ಬಿಡೂದಿಲ್ಲ."

ಚಹಾ ಹಾಗೇ ಉಳಿಯಿತು. ಬಂದವರು ಎದ್ದು ಹೋದರು.

ಹುಲ್ಲಪ್ಪ ಹಣಮಪ್ಪನಿಗೆ ಕಂಬಳಿ ಹಾಸಿದ. "ಬಿಸಲಾಗ ಬಂದಿ. ಕುಂಡ್ರು."

ನೀರು ಕೊಡಲು ಬಂದ ರೇಣವ್ವ ಮೆಲ್ಲಗೆ ಕೇಳಿದಳು.

"ಇಷ್ಟು ದೂರ ಯಾಕ ಬಂದಿ?"

"ನಿನ್ನ ಬ್ಯಾರೆ ಯಾರೋ ಕರಕೊಂಡು ಹೋಗ್ತಾರಂತ ತಿಳೀತು. ನಿಂದ್ರಾಕ ಆಗ್ಲಿಲ್ಲ..."

"ಖರೆ ಹೇಳು. ನಿನ್ನ ಮನ್ಯಾಗ ಇಂಥಾಕಿನ್ನ ತಡಕೋತಾರ?"

"ಅವರನ್ನ ನಾ ಕೇಳ್ತೇನಿ. ಮೊದಲ ನಿನ್ನ ಕೇಳಬೇಕಿತ್ತು."

ರೇಣವ್ವ ತುಂಬಿದ ಕಣ್ಣನ್ನು ಒರೆಸಿಕೊಳ್ಳಲಿಲ್ಲ.

"ಕೇಳು ಮತ್ತ. ಜೋರಾಗಿ ಕೇಳು, ನಮ್ಮಪ್ಪಗೂ ಕೇಳಸ್ಲಿ."