ಮೂರನೇ ಸಾಲಿನ ಗೀಟು

ಮೇಷ್ಟ್ರು ಬಿದ್ದದ್ದು ಸಂಜೆ ನಾಲ್ಕೂಕಾಲಿಗೆ. ಗಣಿತ ವಿಭಾಗದ ಮೂರನೇ ಮಹಡಿಯ ಕಿಟಕಿಯಿಂದ, ಸೈಕಲ್ ಸ್ಟ್ಯಾಂಡಿನ ಕಲ್ಲುಹಾಸಿನ ಮೇಲೆ. ಕಾವಲುಗಾರ ಓಡಿಬಂದಾಗ ಉಸಿರಿರಲಿಲ್ಲ. ಅವನೇ ಮೇಲೆ ಹೋಗಿ ಕೋಣೆಗೆ ಬೀಗ ಹಾಕಿದ. ಒಳಗೆ ಯಾರೂ ಇರಲಿಲ್ಲ.

"ಹನ್ನೆರಡು ವರ್ಷದಿಂದ ಕಣ್ಣು ಕಾಣ್ತಿರಲಿಲ್ವಂತೆ ಮೇಡಂ," ಎಂದ ಪೇದೆ. "ಕಿಟಕಿ ತೆರೆದಿತ್ತು. ಕಾಲು ಜಾರ್ತು. ಮುಗೀತಲ್ಲ?"

ಇನ್ಸ್‌ಪೆಕ್ಟರ್ ಕಿಟಕಿಯ ಕಟ್ಟೆಗೆ ಒರಗಿ ನಿಂತಳು. ಅದು ಸೊಂಟದ ಮೇಲಕ್ಕೆ ಬಂತು.

"ಇಲ್ಲಿ ಜಾರ್ಬೇಕಾದ್ರೆ ಮೊದಲು ಹತ್ತಬೇಕು ಕಣಯ್ಯಾ."

ಮೇಜು, ಎರಡು ಕುರ್ಚಿ, ಬಾಗಿಲ ಮೂಲೆಯಲ್ಲಿ ಬಿಳಿ ಕೋಲು. ಗೋಡೆ ತುಂಬ ಕರಿಹಲಗೆ. ಅದರ ಮೇಲೆ ಒಂಬತ್ತು ಸಾಲು ಲೆಕ್ಕ. ಕಣ್ಣಿಲ್ಲದವರ ಕೋಣೆಯಲ್ಲಿ ಕರಿಹಲಗೆ!

ವಿಭಾಗದ ಮುಖ್ಯಸ್ಥರು ಬಾಗಿಲಲ್ಲೇ ನಿಂತಿದ್ದರು. ಸತ್ತವರ ಸಹಪಾಠಿ. ಕಣ್ಣು ಕೆಂಪಾಗಿತ್ತು.

"ತಿಂಗಳಿಂದ ಈ ಕೋಣೆಗೆ ಕಾಲಿಟ್ಟಿಲ್ಲ ನಾನು. ಬರಬೇಕಿತ್ತು," ಎಂದರು. ತಡೆದು ಮತ್ತೆ, "ಹೇಳಬಾರದು. ನಿನ್ನೆ ಅವನ ಶಿಷ್ಯೆ ಜೊತೆ ದೊಡ್ಡ ಜಗಳ ಆಯ್ತು. ಇವತ್ತೂ ಕೊನೇಲಿ ಅವನ ಜೊತೆ ಇದ್ದವಳು ಅವಳೇ."

* * *

ಶಿಷ್ಯೆಗೆ ಗುಬ್ಬಿ ಎಂದು ಹೆಸರಿಟ್ಟವರು ಮೇಷ್ಟ್ರೇ. ಅವಳನ್ನು ಮನೆಯಿಂದ ಅದೇ ಕೋಣೆಗೆ ಕರೆಸಿದಾಗ ಅತ್ತೂ ಅತ್ತೂ ದನಿ ಹೂತುಹೋಗಿತ್ತು.

"ಜಗಳ ಅಲ್ಲ ಮೇಡಂ. ಆತುರಗೇಡಿ ಅಂತ ಬೈದ್ರು. ದಿನಾ ಬೈತಿದ್ರು. ಬೈದಾದ್ಮೇಲೆ ಬಿಸ್ಕತ್ತು ಕೊಡ್ತಿದ್ರು."

"ಎಷ್ಟೊತ್ತಿಗೆ ಹೊರಟೆ?"

"ನಾಲ್ಕಕ್ಕೆ. ನಡ್ಕೊಂಡು ಮನೆಗೆ."

"ಯಾರಾದ್ರೂ ನೋಡಿದ್ರಾ?"

ಗುಬ್ಬಿ ತಲೆ ಅಲ್ಲಾಡಿಸಿದಳು. ಇಲ್ಲ.

"ಜೀಪಿಗೆ ಹತ್ತಿಸ್ಲಾ ಮೇಡಂ?" ಎಂದ ಪೇದೆ. ಹುಡುಗಿಯ ಮುಖ ಸುಣ್ಣವಾಯಿತು.

"ಸ್ವಲ್ಪ ಬಾಯಿ ಮುಚ್ಕೊಂಡಿರು," ಎಂದಳು ಇನ್ಸ್‌ಪೆಕ್ಟರ್. "ಮೇಷ್ಟ್ರು ಕಿಟಕಿ ಹತ್ತಿರ ಹೋಗ್ತಿದ್ರೇನಮ್ಮ?"

"ಯಾರಾದ್ರೂ ಓದಿ ಹೇಳುವಾಗ ಮಾತ್ರ. ಕಟ್ಟೆ ಮೇಲೆ ಹತ್ತಿ ಕೂತು ಕೇಳೋರು. ಲೆಕ್ಕ ಎಲ್ಲ ಅವರ ಬಾಯಲ್ಲೇ ಇತ್ತು. ಅವರು ಹೇಳೋರು, ನಾನು ಹಲಗೆ ಮೇಲೆ ಬರೀತಿದ್ದೆ. ಇವತ್ತು ಓದಿ ಒಪ್ಪಿಸೋಕೆ ಹೊತ್ತು ಸಾಲಲಿಲ್ಲ. ಕೊನೇ ಸಾಲು ನಾಳೆ ಅಂದ್ರು."

"ಏನು ಲೆಕ್ಕ ಅದು?"

"ಸಂಕೀರ್ಣ ವಕ್ರರೇಖೆ ಅಂತಾರೆ ಮೇಡಂ. ರೇಖೆ ಅಂದ್ರೂ ಅದು ತೂತುಗಳಿರೋ ಹಾಳೆ ಹಾಗೆ. ಪ್ರತಿ ಬಿಂದುವಿನಲ್ಲೂ ಒಂದು ಬಾಣ, ಗಾಳಿ ಎತ್ತ ಬೀಸ್ತಿದೆ ಅಂತ ತೋರಿಸೋಕೆ. ಎರಡು ಗಾಳೀನ ಹಿಂದುಮುಂದು ಮಾಡಿ ಬೀಸಿದ್ರೆ ಬರೋ ವ್ಯತ್ಯಾಸವೇ ಮೂರನೇ ಗಾಳಿ. ಈ ಬೀಜಗಣಿತದಲ್ಲಿ ಏನು ಮಾಡಿದ್ರೂ ಕರಗದ ಶೇಷ ಉಳಿಯುತ್ತಾ ಅಂತ ಹುಡುಕ್ತೀವಿ. ಅದೇ ಕೊಹೊಮಾಲಜಿ."

"ಉಳಿಯುತ್ತಾ?"

"ಈ ಜಾತಿ ರೇಖೆ ಮೇಲೆ ಉಳಿಯಲ್ಲ, ಸೊನ್ನೆ. ಇದು ಮುಖ್ಯಸ್ಥರ ಪ್ರಮೇಯ. ಅವರ ಹೆಸರು, ಕುರ್ಚಿ ಎಲ್ಲ ಅದರಿಂದಲೇ. ಉಳಿಯುತ್ತೆ ಅಂತ ನಮ್ಮ ಮೇಷ್ಟ್ರು. ನಾಡಿದ್ದು ಎಲ್ಲರೆದುರು ಹೇಳೋರಿದ್ರು."

ಹೊರಡುವ ಮುಂಚೆ ಗುಬ್ಬಿ ಹಲಗೆಯ ಚಿತ್ರ ತೆಗೆದಿದ್ದಳು. ಮೊಬೈಲಿನಲ್ಲಿತ್ತು. ಮೂರು ಐವತ್ತೆಂಟು.

"ಓದು. ಗಟ್ಟಿಯಾಗಿ," ಎಂದಳು ಇನ್ಸ್‌ಪೆಕ್ಟರ್. ತಾನು ಹಲಗೆಯ ಮುಂದೆ ನಿಂತು ಬೆರಳಿಟ್ಟು ಅನುಸರಿಸಿದಳು.

ಅಜ್ಜಿಯ ಮಡಿಲಲ್ಲಿ ಪದ್ಯ ಕೇಳುತ್ತ ಬೆಳೆದವಳು ಆಕೆ. ಅರ್ಥ ತಿಳಿಯದಿದ್ದರೂ ಕಿವಿ ಸಾಲಿನ ಜೊತೆಗೇ ನಡೆಯುತ್ತಿತ್ತು. ಎಲ್ಲಿ ಎಡವಿದರೂ ತಾನೇ ನಿಲ್ಲುತ್ತಿತ್ತು.

ಮೂರನೇ ಸಾಲಿನಲ್ಲಿ ನಿಂತಿತು.

"ಮೈನಸ್ ಅಂದೆ. ಇಲ್ಲಿ ಪ್ಲಸ್ ಇದೆ."

ಗುಬ್ಬಿ ಮೊಬೈಲ್ ನೋಡಿದಳು. ಹಲಗೆ ನೋಡಿದಳು. ಅಡ್ಡಗೀಟಿನ ಮೇಲೆ ಯಾರೋ ಒಂದು ಉದ್ದಗೀಟು ಎಳೆದಿದ್ದರು. ಒತ್ತಿ ಎಳೆದ ಗೀಟು.

"ಅಯ್ಯೋ, ಪ್ಲಸ್ಸೇ ಸರಿ! ನಾನೇ ತಪ್ಪು ಬರೆದಿದೀನಿ ಮೇಡಂ. ಮೈನಸ್ ಆದ್ರೆ ಎರಡೂ ಪದ ಹೊಡೆದುಹೋಗಿ ಸೊನ್ನೆ ಬಂದುಬಿಡುತ್ತೆ. ಆದ್ರೆ... ತಿದ್ದಿದ್ದು ಯಾರು?"

ಕಾಣದವರು ಆ ಪುಟ್ಟ ಗೀಟಿನ ಮೇಲೆ ಇನ್ನೊಂದು ಗೀಟನ್ನು ಕೂದಲೆಳೆಯೂ ತಪ್ಪದಂತೆ ಎಳೆಯಲಾರರು.

* * *

ಮುಖ್ಯಸ್ಥರ ಕೋಣೆಯಲ್ಲಿ ಇನ್ಸ್‌ಪೆಕ್ಟರ್ ಕುರ್ಚಿ ಎಳೆದು ಕುಳಿತಳು. ಪೇದೆ ಬಾಗಿಲಲ್ಲಿ ನಿಂತ.

"ನೀವು ಹೇಳಿದ್ದು ನಿಜ ಇರ್ಬೇಕು ಸರ್. ಹುಡುಗೀನ ಕರ್ಕೊಂಡು ಹೋಗ್ತೀವಿ. ಪಾಪ, ಬಹಳ ಬುದ್ಧಿವಂತೆಯಂತೆ. ಅರ್ಧ ಲೆಕ್ಕ ಅವಳದ್ದೇ ಅಂತಾರೆ."

ಮುಖ್ಯಸ್ಥರ ತುಟಿ ಕೊಂಕಿತು. "ಬುದ್ಧಿವಂತೆನಾ? ಮೂರನೇ ಸಾಲಿಗೇ ಪ್ಲಸ್ ಇರೋ ಕಡೆ ಮೈನಸ್ ಹಾಕೋ ಹುಡುಗಿ!"



"ಹಲಗೆ ಮೇಲೆ ಈಗ ಪ್ಲಸ್ಸೇ ಇದೆ ಸರ್," ಎಂದಳು ಇನ್ಸ್‌ಪೆಕ್ಟರ್ ಮೆಲ್ಲಗೆ. "ಮೈನಸ್ ಇದ್ದದ್ದು ನಾಲ್ಕು ಗಂಟೆಗೆ. ನಾಲ್ಕೂಕಾಲಿಗೆ ಅವರು ಬಿದ್ರು, ಆಮೇಲೆ ಕೋಣೆಗೆ ಬೀಗ. ತಾನು ತಪ್ಪಿದ್ದು ಆ ಹುಡುಗಿಗೇ ಗೊತ್ತಾಗಿದ್ದು ಈಗ ಅರ್ಧ ಗಂಟೆ ಹಿಂದೆ, ನನ್ನೆದುರು. ತಿಂಗಳಿಂದ ಆ ಕೋಣೆಗೆ ಕಾಲಿಡದವರಿಗೆ ಹೇಗೆ ಗೊತ್ತಾಯ್ತು?"

ಮುಖ್ಯಸ್ಥರು ತಮ್ಮ ಬಲಗೈಯನ್ನೇ ನೋಡುತ್ತ ಕುಳಿತರು.

"ಯಾರಾದ್ರೂ ಓದಿ ಹೇಳುವಾಗ ಮಾತ್ರ ಅವರು ಆ ಕಟ್ಟೆ ಹತ್ತೋರು. ಇವತ್ತು ಓದಿದ್ದು ನೀವು."



"ಗೇಲಿ ಮಾಡೋಕೆ ಅಂತಲೇ ಓದಿದೆ," ಎಂದರು ಮುಖ್ಯಸ್ಥರು. "ನೋಡೋ, ನಿನ್ನ ಹಲಗೆಯೇ ಸೊನ್ನೆ ಅಂತಿದೆ, ಅಂದೆ. ಅವನು ಕಾಲಾಡಿಸ್ತಾ ಕೇಳ್ತಿದ್ದ. ಮೂರನೇ ಸಾಲಿಗೆ ನಕ್ಕ. 'ಗುಬ್ಬಿ ಆತುರಗೇಡಿ. ಅದು ಪ್ಲಸ್ಸು ಕಣೋ, ತಿದ್ದು' ಅಂದ. ತಿದ್ದಿದೆ. ಮುಂದಿನ ಆರು ಸಾಲು ಮನಸ್ಸಲ್ಲೇ ನಡೆಸಿದೆ. ಉಳೀತು. ನನ್ನ ಇಪ್ಪತ್ತಾರು ವರ್ಷ ಹೋಯ್ತು. ಅವನು ಇನ್ನೂ ನಗ್ತಾನೇ ಇದ್ದ ಮೇಡಂ... ಗೆಳೆಯನ ಹತ್ತಿರ ನಗೋ ಹಾಗೆ. ನೂಕಿಬಿಟ್ಟೆ."

"ಆ ಪ್ಲಸ್ಸನ್ನ ಮತ್ತೆ ಮೈನಸ್ ಮಾಡಿದ್ರೆ ನೀವೇ ಗೆದ್ದಂಗಿತ್ತು. ಹೋಗ್ಲಿ, ಹಲಗೆ ಪೂರ್ತಿ ಅಳಿಸಬಹುದಿತ್ತು. ಡಸ್ಟರ್ ಅಲ್ಲೇ ಇತ್ತಲ್ಲ?"

"ಕೈಗೆ ತಗೊಂಡೆ." ಅವರ ದನಿ ಒಡೆಯಿತು. "ಸರಿಯಾಗಿತ್ತು ಮೇಡಂ. ಸರಿಯಾಗಿರೋದನ್ನ ಅಳಿಸೋಕೆ ಕೈ ಬರಲಿಲ್ಲ."

ಪೇದೆ ಮುಂದೆ ಬಂದು ಆ ಕೈಗೇ ಮೊದಲು ಬೇಡಿ ಹಾಕಿದ.