ಭದ್ರೆಯ ದಡದ ಗಾಳಿಮಣ್ಣು

"ಮಣ್ಣಿನ ಪುಡಿ ತೋರಿಸಿದರೆ ನಂಬಲ್ಲ. ಒಡೆಯದ ಗಟ್ಟಿ ತನ್ನಿ," ಎಂದಿದ್ದರು ಶಿವಮೊಗ್ಗದಲ್ಲಿ ಬಿಡಾರ ಹೂಡಿದ್ದ ಭೂಗರ್ಭ ಅಧಿಕಾರಿ.

ಭದ್ರಾವತಿಯಲ್ಲಿ ವಿಜ್ಞಾನ ಕಲಿಸುವ ವೇದಾವತಿಯನ್ನು ಕೆಣಕಲು ಅಷ್ಟು ಸಾಕಾಯಿತು. ಭದ್ರೆಯ ದಡದ ಹಳದಿ ಗೋಡೆ ಹೊಳೆ ತಂದ ಮಣ್ಣಲ್ಲ, ಗಾಳಿ ತಂದದ್ದು ಎಂದು ಅವಳು ಅಂದಾಗ ಊರೆಲ್ಲ ನಕ್ಕಿತ್ತು. ೧೯೩೮ರ ಮುಂಗಾರು ಹೊಸ್ತಿಲಲ್ಲಿತ್ತು. ಹೊಳೆ ವರ್ಷವರ್ಷವೂ ಕೊರೆದು ಉಳಿದದ್ದು ಇಷ್ಟೇ; ಈ ಸಲವೂ ಏರಿದರೆ ಗೋಡೆಯೂ ಇಲ್ಲ, ಸಾಕ್ಷಿಯೂ ಇಲ್ಲ.

ಕಬ್ಬಿಣದ ಕಾರ್ಖಾನೆಯಲ್ಲಿ ಮರಳಿನಿಂದ ಎರಕದ ಅಚ್ಚು ಮಾಡುವ ಮುರುಗೇಶಪ್ಪ ತಳವಿಲ್ಲದ ಮರದ ಪೆಟ್ಟಿಗೆ ಹೊತ್ತ. ಕಾಡು ಬಲ್ಲ ಹುಲಿಯಪ್ಪ ಹಗ್ಗ ಹಿಡಿದ. ಬಿದಿರು ಮೆಳೆ ನುಸುಳಿ, ಬಿಸಿ ಆರದ ಆನೆಲದ್ದಿ ಕಂಡು ಬಳಸು ದಾರಿ ಹಿಡಿದು, ಮೂವರೂ ಮತ್ತಿಮರಗಳ ಸಾಲು ದಾಟಿದಾಗ ಹೊಳೆಯ ತಿರುವಿನಲ್ಲಿ ಗೋಡೆ ಕಂಡಿತು. ಮೂರಾಳೆತ್ತರ, ಕೊಯ್ದ ಬೆಲ್ಲದಚ್ಚಿನಂತೆ ನೆಟ್ಟಗೆ ನಿಂತಿತ್ತು.

ಮುರುಗೇಶಪ್ಪ ನೀರಿನ ಬಿಂದಿಗೆ ಹಿಡಿದು ಗೋಡೆಯ ನೆತ್ತಿಯಿಂದ ಹಗ್ಗದಲ್ಲಿ ಇಳಿದ. ಎರಕದ ಮನೆಯಲ್ಲಿ ನೀರು ಹಾಕದೆ ಮರಳಿಗೆ ಕೈಯಿಡುವವರಿಲ್ಲ. ಇವನೂ ಬಿಂದಿಗೆ ಬಗ್ಗಿಸಿ ಗೋಡೆಗೆ ಸುರಿದ.

ಗೋಡೆ ಕರಗಿತು. ಮೇಲಿನ ಮಣ್ಣು ಧೊಪ್ಪನೆ ಕುಸಿಯಿತು.

"ಎಳಿಯೋ ಹುಲಿಯಪ್ಪ! ಎಳಿ!" ಎಂದು ಕೆಳಗಿನಿಂದ ಮುರುಗೇಶಪ್ಪ ಕೂಗಿದ.

ಹುಲಿಯಪ್ಪ ಮರಕ್ಕೆ ಕಾಲು ಕೊಟ್ಟು ಎಳೆದ. ಮುರುಗೇಶಪ್ಪ ಕೆಮ್ಮುತ್ತ ಮೇಲೆ ಬಂದ.

"ನೀರು ಬಿದ್ರೆ ಬಿಗಿ ಆಗುತ್ತೆ ಅಂದ್ಕೊಂಡೆ ಟೀಚರಮ್ಮ. ಕೈ ಅಭ್ಯಾಸ."

ವೇದಾವತಿಯ ಕಣ್ಣರಳಿತು. "ಹೊಳೆ ಒತ್ತಿ ಕೂರಿಸಿದ ಮಣ್ಣಾಗಿದ್ರೆ ಹೀಗೆ ಕರಗ್ತಿತ್ತಾ ಮಾರಾಯ? ಗಾಳಿ ಸಡಿಲವಾಗಿ ಸುರಿದದ್ದು ಇದು! ಈ ಸಲ ನಾನಿಳೀತೀನಿ."

ಗುಡುಗಿತು. ಕಚ್ಚೆ ಬಿಗಿದು ಅವಳು ಇಳಿದಳು.

"ಪೆಟ್ಟಿಗೆ ಒತ್ತಬೇಡಿ. ಗಟ್ಟಿ ಸುತ್ತ ಕೆತ್ತಿ, ಪೆಟ್ಟಿಗೆ ಅದರ ಮೇಲೆ ತಾನೇ ಕೂರುತ್ತೆ," ಎಂದು ಮೇಲಿನಿಂದ ಮುರುಗೇಶಪ್ಪ ಕೂಗಿದ.

ಕೆತ್ತಿದಳು. ಪೆಟ್ಟಿಗೆ ಕೂತಿತು. ಗಟ್ಟಿಯನ್ನು ಹಿಂದಿನಿಂದ ಕೊಯ್ದು, ತೆರೆದ ತಳಕ್ಕೆ ಹಲಗೆ ಜಡಿದು ಮೇಲೇರಿದಳು. ಅಷ್ಟರಲ್ಲಿ ಮಳೆ ಹೊಡೆಯಿತು. ಮಳೆಗೆಂದು ತಂದಿದ್ದ ಮೂರು ಕಂಬಳಿಯೂ ಪೆಟ್ಟಿಗೆಗೆ ಹೋದವು, ಮೂವರೂ ತೊಯ್ದು ತೊಪ್ಪೆಯಾದರು. ಬೆನ್ನ ಹಿಂದೆ ಹಳದಿ ಗೋಡೆ ಹೋಳುಹೋಳಾಗಿ ಹೊಳೆಗೆ ಬೀಳುತ್ತಿತ್ತು. ಭದ್ರಾವತಿ, ಮಾಚೇನಹಳ್ಳಿ ದಾಟಿ ಶಿವಮೊಗ್ಗ ಮುಟ್ಟುವವರೆಗೂ ಗಾಡಿಯಲ್ಲಿ ಪೆಟ್ಟಿಗೆಯನ್ನು ಬಾಣಂತಿಯ ಕೂಸಿನಂತೆ ಕಾದರು.

ಅಧಿಕಾರಿ ಹಲಗೆ ತೆಗೆಸಿದರು. ಗಟ್ಟಿ ಒಡೆದಿರಲಿಲ್ಲ. ಭೂತಗನ್ನಡಿ ಹಿಡಿದು ಇಂಚಿಂಚೂ ನೋಡಿದರು. ಹೊಳೆಮಣ್ಣಿನ ಪದರಗೆರೆ ಒಂದೂ ಇಲ್ಲ. ಕಣಗಳೆಲ್ಲ ಒಂದೇ ನುಣುಪು. ನಡುವೆ ಒಣನೆಲದ ಪುಟ್ಟ ಬಸವನಹುಳುವಿನ ಚಿಪ್ಪು.

"ನಾವು ದಾಟಿ ಬಂದ ಕಾಡು ಈ ಮಣ್ಣು ಬಿದ್ದ ಕಾಲಕ್ಕೆ ಇರಲಿಲ್ಲ ಸಾರ್," ಎಂದಳು ವೇದಾವತಿ. "ಒಣ ಬಯಲು, ಕುರುಚಲು ಹುಲ್ಲು, ಸಾವಿರಾರು ವರ್ಷ ಧೂಳುಗಾಳಿ."

"ಗಾಳಿಮಣ್ಣೇ, ಅನುಮಾನವಿಲ್ಲ," ಎಂದು ಅಧಿಕಾರಿ ಎದ್ದು ನಿಂತರು. ಬಿಡಾರದಲ್ಲಿದ್ದದ್ದು ಮೂರೇ ಕುರ್ಚಿ. ಕೆಸರು ಮೆತ್ತಿದ ಆ ಮೂವರನ್ನು ಅವುಗಳಲ್ಲಿ ಕೂರಿಸಿ, ತಾವು ನಿಂತುಕೊಂಡೇ ಕಾಫಿ ಕುಡಿದರು.